ಶಾಲಾ ಸುರಕ್ಷತೆಯ ಹೊಣೆ ನಿಮ್ಮ ಮೇಲೆ ಬಿದ್ದಿದೆಯಾ? ಸುತ್ತೋಲೆ ಬರೆಯುವ ಮೊದಲು ಇದನ್ನು ಓದಿ

"ಶಾಲೆಗಳಲ್ಲಿ ಮಕ್ಕಳ ಸುರಕ್ಷತೆ, ಬುಲ್ಲಿಯಿಂಗ್ (ಜೊತೆಯ ಮಕ್ಕಳು ಕೊಡುವ ಕಾಟ) ತಡೆ, ಇನ್ನು ಇದನ್ನೆಲ್ಲಾ ನೀವೇ ನೋಡ್ಕೊಳ್ಳಿ." ಮೇಲಿನಿಂದ ಈ ಮಾತು ಬರುವುದು ಸಾಮಾನ್ಯವಾಗಿ ಎಲ್ಲೋ ಒಂದು ಶಾಲೆಯಲ್ಲಿ ಆಗಬಾರದ್ದು ಆದ ಮೇಲೆ. ಟಿವಿಯಲ್ಲಿ ಚರ್ಚೆ ನಡೆಯುತ್ತಿರುತ್ತದೆ, ಸದನದಲ್ಲಿ ಪ್ರಶ್ನೆ ಎದ್ದಿರುತ್ತದೆ, ವಾರದೊಳಗೆ ಕ್ರಿಯಾ ಯೋಜನೆ ಬೇಕು ಅಂತ ಫೋನ್ ಮೇಲೆ ಫೋನ್ ಬರುತ್ತಿರುತ್ತದೆ. ಆ ಗಡಿಬಿಡಿಯಲ್ಲಿ ಯಾವ ಇಲಾಖೆಯಾದರೂ ಮೊದಲು ಮಾಡುವುದು ಒಂದು ಸುತ್ತೋಲೆ ಹೊರಡಿಸುವ ಕೆಲಸ. ಎಲ್ಲಾ ಶಾಲೆಯಲ್ಲೂ ಸಮಿತಿ ಮಾಡಿ, ದೂರು ಪೆಟ್ಟಿಗೆ ಇಡಿ, ಮಕ್ಕಳಿಗೆ ಪ್ರತಿಜ್ಞೆ ಬೋಧಿಸಿ, ಫೋಟೋ ಸಮೇತ ವರದಿ ಕಳಿಸಿ. ಫೋಟೋಗಳೇನೋ ಬರುತ್ತವೆ. ಪೆಟ್ಟಿಗೆಗೆ ಬೀಗ ಇರುತ್ತದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಈ ಬರಹ ಅಂಥ ಹೊಣೆ ಹೊತ್ತ ಅಧಿಕಾರಿಗಳಿಗೆ, ಅವರ ಮೇಲಿರುವ ಜನಪ್ರತಿನಿಧಿಗಳಿಗೆ, ಜೊತೆಗೆ ಇವರಿಬ್ಬರನ್ನೂ ಬೆನ್ನು ಹತ್ತಿ ಕೇಳಬೇಕಾದ ಪೋಷಕರಿಗೆ. ಶಾಲೆಗಳು ಹೆದರದೆ ನಿಜ ಹೇಳುವ ಹಾಗೆ ಮಾಡಿದರೆ ಸರ್ಕಾರದ ಅರ್ಧ ಕೆಲಸ ಮುಗಿಯಿತು ಅನ್ನುವುದು ನನ್ನ ಅಭಿಪ್ರಾಯ. ಕೆಳಗಿನ ಹೆಜ್ಜೆಗಳೆಲ್ಲಾ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತವೆ.

ಹೆಜ್ಜೆ 1: ಯಾವುದನ್ನು ಲೆಕ್ಕಕ್ಕೆ ತಗೋಬೇಕು ಅಂತ ಮೊದಲು ತೀರ್ಮಾನಿಸಿ

ಈ ವಿಷಯದಲ್ಲಿ ಸರ್ಕಾರವೊಂದು ದೇಶದ ಮಟ್ಟದಲ್ಲಿ ಕೈ ಹಾಕಿದ ಮೊದಲ ದೊಡ್ಡ ಪ್ರಯತ್ನ ನಾರ್ವೆಯದು. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಜೀವ ಕಳೆದುಕೊಂಡರು. ಜೊತೆಯ ಮಕ್ಕಳ ಕಾಟವೇ ಕಾರಣ ಅನ್ನುವ ಮಾತು ದೇಶವನ್ನೇ ಕಲಕಿತು. ಮರುವರ್ಷವೇ ಶಿಕ್ಷಣ ಸಚಿವಾಲಯ ರಾಷ್ಟ್ರೀಯ ಅಭಿಯಾನ ಶುರು ಮಾಡಿತು. ಬರ್ಗನ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಹಿಂಬಾಲಿಸಿ, ಅಭಿಯಾನಕ್ಕೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಅಳೆದು ನೋಡಿದರು. ಕಾಟ ಸುಮಾರು ಅರ್ಧಕ್ಕೆ ಇಳಿದಿತ್ತು.

ಅವರು ಬಳಸಿದ ಅಳತೆ ಇವತ್ತಿಗೂ ಎಲ್ಲಾ ಕಡೆ ಚಾಲ್ತಿಯಲ್ಲಿದೆ. ಬೇಕೆಂದೇ ಮಾಡಿದ್ದಾ, ಮತ್ತೆ ಮತ್ತೆ ಆಗುತ್ತಿದೆಯಾ, ಕಾಟ ಕೊಡುವವರ ಕೈ ಮೇಲಾಗಿದೆಯಾ? ಈ ಮೂರೂ ಇದ್ದರೆ ಅದು ಬುಲ್ಲಿಯಿಂಗ್. ಸಮಬಲದ ಇಬ್ಬರು ಹೊಡೆದಾಡಿಕೊಂಡರೆ ಅದು ಜಗಳ, ಅದಕ್ಕೆ ಬೇರೆ ದಾರಿ.

ಜಪಾನ್ 2013ರಲ್ಲಿ ಕಾನೂನು ತಂದಾಗ ಬೇರೆ ದಾರಿ ಹಿಡಿಯಿತು. ಅಲ್ಲಿ ಕೇಳುವುದು ಒಂದೇ ಪ್ರಶ್ನೆ: ಇನ್ನೊಂದು ಮಗು ಮಾಡಿದ್ದರಿಂದ ಈ ಮಗುವಿಗೆ ಮನಸ್ಸಿಗೋ ಮೈಗೋ ನೋವಾಗಿದೆಯಾ? ಇಂಟರ್ನೆಟ್ ಮೂಲಕ ಆದದ್ದೂ ಇದರಲ್ಲಿ ಸೇರಿತು. ಎಷ್ಟು ಸಲ ಆಯಿತು, ಬೇಕೆಂದು ಮಾಡಿದರಾ ಅನ್ನುವ ವಾದಕ್ಕೆ ಜಾಗವೇ ಇಲ್ಲ.

ಯಾವುದು ಸರಿ? ಎರಡನ್ನೂ ಇಟ್ಟುಕೊಳ್ಳಿ. ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವ ಸಮೀಕ್ಷೆಗೆ ಓಲ್ವೇಯಸ್ ಅಳತೆ ಚೆನ್ನಾಗಿದೆ. ಆದರೆ ಶಿಕ್ಷಕರು ಯಾವಾಗ ಎದ್ದು ಹೋಗಬೇಕು ಅನ್ನುವುದಕ್ಕೆ ಜಪಾನಿನ ಅಗಲವಾದ ಅಳತೆಯೇ ಬೇಕು. ಇಲ್ಲದಿದ್ದರೆ ಏನಾಗುತ್ತದೆ ಗೊತ್ತಲ್ವಾ? "ಒಂದೇ ಸಲ ಆಗಿರೋದು, ಇನ್ನೊಂದ್ಸಲ ಆದ್ರೆ ನೋಡೋಣ" ಅಂತ ಮಗುವನ್ನು ವಾಪಸ್ ಕಳಿಸುತ್ತಾರೆ. ಎರಡನೇ ಸಲ ಅದು ಹೇಳಲು ಬರುವುದಿಲ್ಲ.

ಹೆಜ್ಜೆ 2: ಮಕ್ಕಳನ್ನೇ ಕೇಳಿ, ಹೆಸರಿಲ್ಲದೆ ಕೇಳಿ

ವಿಶ್ವಸಂಸ್ಥೆಯ ಶಿಕ್ಷಣ ಸಂಸ್ಥೆ ಯುನೆಸ್ಕೋ 2019ರಲ್ಲಿ 144 ದೇಶಗಳ ಮಾಹಿತಿ ಕಲೆಹಾಕಿ ಹೊರತಂದ ವರದಿಯ ಪ್ರಕಾರ, ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಜೊತೆಯವರ ಕಾಟಕ್ಕೆ ಸಿಕ್ಕ ಮಕ್ಕಳು ಮೂರರಲ್ಲಿ ಹತ್ತಿರಹತ್ತಿರ ಒಬ್ಬರು. ಈಗ ನಿಮ್ಮ ಇಲಾಖೆಯ ದೂರು ಪುಸ್ತಕ ತೆಗೆದು ನೋಡಿ. ಎರಡರ ನಡುವಿನ ಅಂತರವೇ ನಿಮ್ಮ ಕೆಲಸದ ಅಳತೆ.

ಆ ಅಂತರ ಗೊತ್ತಾಗಬೇಕಾದರೆ ಸಮೀಕ್ಷೆ ಬೇಕು. ನಾರ್ವೆಯಲ್ಲಿ 7 ಮತ್ತು 10ನೇ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ಸಮೀಕ್ಷೆ ನಡೆಸಲೇಬೇಕು, ಶಾಲೆಗೆ ಆಯ್ಕೆಯಿಲ್ಲ. ಹಾಗೆಯೇ ಮಾಡಿ. ಪ್ರತಿ ವರ್ಷ ಅದೇ ತಿಂಗಳು, ಅದೇ ಪ್ರಶ್ನೆ, ಒಂದು ಪಿರಿಯಡ್ಡಿನಲ್ಲಿ ಮುಗಿಯುವಂತಿರಲಿ.

ಪ್ರಶ್ನೆ ಬರೆಯುವಾಗ ಜಾಣತನ ಬೇಕು. "ನಿನ್ನ ಶಾಲೆಯಲ್ಲಿ ಬುಲ್ಲಿಯಿಂಗ್ ಇದೆಯೇ? ಹೌದು / ಇಲ್ಲ" ಅಂತ ಕೇಳಿದರೆ ಇಲ್ಲ ಅಂತಲೇ ಬರುತ್ತದೆ. ಹೀಗೆ ಕೇಳಿ:

"ಕಳೆದ ಎರಡು ತಿಂಗಳಲ್ಲಿ ನಿನ್ನನ್ನು ಬೇಕೆಂದೇ ಆಟದಿಂದ, ಗುಂಪಿನಿಂದ ಹೊರಗಿಟ್ಟಿದ್ದಾರಾ?"
"ನಿನಗೆ ಇಷ್ಟವಿಲ್ಲದ ಅಡ್ಡಹೆಸರಿನಿಂದ ಕರೆದಿದ್ದಾರಾ?"
"ನಿನ್ನ ವಸ್ತು ಕಿತ್ತುಕೊಂಡಿದ್ದಾರಾ, ಹಾಳು ಮಾಡಿದ್ದಾರಾ?"
"ಹೆದರಿ ಶಾಲೆಗೆ ಹೋಗದೆ ಉಳಿದ ದಿನ ಇದೆಯಾ?"
"ಯಾರಿಗಾದರೂ ಹೇಳಿದೆಯಾ? ಹೇಳಿದ ಮೇಲೆ ಕಡಿಮೆಯಾಯಿತಾ, ಹಾಗೇ ಇದೆಯಾ, ಜಾಸ್ತಿಯಾಯಿತಾ?"

ಉತ್ತರಕ್ಕೆ ಹೌದು-ಇಲ್ಲ ಬೇಡ. ಇಲ್ಲವೇ ಇಲ್ಲ, ಒಂದೆರಡು ಸಲ, ತಿಂಗಳಿಗೆ ಎರಡು ಮೂರು ಸಲ, ವಾರಕ್ಕೊಮ್ಮೆ, ಅದಕ್ಕಿಂತ ಜಾಸ್ತಿ, ಹೀಗೆ ಕೊಡಿ. ಕೊನೆಯ ಪ್ರಶ್ನೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಹೇಳಿದ ಮೇಲೆ ಜಾಸ್ತಿಯಾಯಿತು ಅನ್ನುವ ಮಕ್ಕಳು ಎಷ್ಟಿದ್ದಾರೆ ಅನ್ನುವುದು ನಿಮ್ಮ ಇಡೀ ವ್ಯವಸ್ಥೆಗೆ ಸಿಗುವ ಅಂಕ.

ಕೆಲವು ಸಣ್ಣ ವಿಷಯಗಳನ್ನು ಮರೆಯಬಾರದು. ಸಮೀಕ್ಷೆ ನಡೆಯುವಾಗ ತರಗತಿಯ ಸ್ವಂತ ಶಿಕ್ಷಕರು ಅಲ್ಲಿರಬಾರದು, ಬೇರೆ ಶಾಲೆಯವರೋ ಬೇರೆ ತರಗತಿಯವರೋ ಬರಲಿ. ಬೆಂಚುಗಳ ನಡುವೆ ಓಡಾಡುತ್ತಾ ಇಣುಕಬಾರದು. ಓದಲು ಕಷ್ಟಪಡುವ ಮಕ್ಕಳಿಗೆ ಪ್ರಶ್ನೆಯನ್ನು ಜೋರಾಗಿ ಓದಿ ಹೇಳಿ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ತರಗತಿಯ ಫಲಿತಾಂಶವನ್ನು ಬೇರೆಯಾಗಿ ತೋರಿಸಬೇಡಿ, ಯಾರು ಬರೆದದ್ದು ಅಂತ ಸುಲಭವಾಗಿ ಗೊತ್ತಾಗಿಬಿಡುತ್ತದೆ. ಆ ದಿನ ಆಪ್ತ ಸಮಾಲೋಚಕರೊಬ್ಬರು ಶಾಲೆಯಲ್ಲಿ ಇರಲಿ, ಯಾಕೆಂದರೆ ಪ್ರಶ್ನೆ ಓದಿದ ಮೇಲೆ ಅಳುವ ಮಗು ಇದ್ದೇ ಇರುತ್ತದೆ.

ಹೆಜ್ಜೆ 3: ಸೊನ್ನೆ ಬಂದ ಶಾಲೆಗೆ ಮೊದಲು ಹೋಗಿ

ಹೆಚ್ಚಿನ ಸರ್ಕಾರಿ ಪ್ರಯತ್ನಗಳು ಮುಗ್ಗರಿಸುವುದು ಇಲ್ಲೇ. ಹಾಗಾಗಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಪ್ರತಿ ತಿಂಗಳು ಶಾಲೆಗಳು ನಮೂನೆ ತುಂಬಿ ಕಳಿಸುತ್ತವೆ. "ದೂರುಗಳ ಸಂಖ್ಯೆ" ಅನ್ನುವ ಕಾಲಂನಲ್ಲಿ ಸೊನ್ನೆ. ಪರಿಶೀಲನಾ ಸಭೆಯಲ್ಲಿ ಮೇಲಿನವರು ಸೊನ್ನೆ ಬಂದ ಶಾಲೆಯನ್ನು ಬಿಟ್ಟು, ಹನ್ನೆರಡು ಅಂತ ಬರೆದ ಮುಖ್ಯ ಶಿಕ್ಷಕಿಯನ್ನು ಎಬ್ಬಿಸಿ ನಿಲ್ಲಿಸಿ ಕೇಳುತ್ತಾರೆ: "ಏನಮ್ಮಾ, ನಿಮ್ಮ ಶಾಲೆಯಲ್ಲಿ ಮಾತ್ರ ಯಾಕೆ ಇಷ್ಟು?" ಆ ಒಂದು ಪ್ರಶ್ನೆ ಸಾಕು. ಮುಂದಿನ ತಿಂಗಳು ಅವರೂ ಸೊನ್ನೆ ಬರೆಯುತ್ತಾರೆ. ಸಭೆಯಲ್ಲಿ ಕೂತಿದ್ದ ಉಳಿದವರೂ ಪಾಠ ಕಲಿತಿರುತ್ತಾರೆ.

ಜಪಾನಿನ ಲೆಕ್ಕ ನೋಡಿ. 2011ರಲ್ಲಿ ಓತ್ಸು ನಗರದ ಒಬ್ಬ ಹುಡುಗ ಕಾಟ ತಾಳಲಾರದೆ ಜೀವ ಕಳೆದುಕೊಂಡ. ಶಾಲೆಯೂ ಅಲ್ಲಿನ ಶಿಕ್ಷಣ ಮಂಡಳಿಯೂ ಸರಿಯಾಗಿ ತನಿಖೆ ಮಾಡಲಿಲ್ಲ ಅನ್ನುವುದು 2012ರಲ್ಲಿ ಹೊರಬಂದು ದೊಡ್ಡ ಗದ್ದಲವಾಯಿತು. 2011ರ ಶೈಕ್ಷಣಿಕ ವರ್ಷದಲ್ಲಿ ಇಡೀ ದೇಶದ ಶಾಲೆಗಳು ಗುರುತಿಸಿದ ಪ್ರಕರಣ 70,231. ಮರುವರ್ಷ 1,98,109. ಒಂದೇ ವರ್ಷದಲ್ಲಿ ಮಕ್ಕಳು ಮೂರು ಪಟ್ಟು ಕೆಟ್ಟವರಾದರಾ? ಇಲ್ಲ, ದೊಡ್ಡವರು ಕಣ್ಣು ಬಿಟ್ಟು ನೋಡಿದರು ಅಷ್ಟೇ. 2022ರಲ್ಲಿ ಅದು 6,81,948, 2023ರಲ್ಲಿ 7,32,568. ಹೆಚ್ಚು ಪ್ರಕರಣ ಗುರುತಿಸಿದ ಶಾಲೆಯನ್ನು ಅಲ್ಲಿನ ಶಿಕ್ಷಣ ಸಚಿವಾಲಯ ಮೆಚ್ಚುಗೆಯಿಂದಲೇ ನೋಡುತ್ತದೆ. ಸೊನ್ನೆ ತೋರಿಸಿದ ಶಾಲೆಗೆ, ಆ ಸೊನ್ನೆಯನ್ನು ಮಕ್ಕಳಿಗೂ ಪೋಷಕರಿಗೂ ಬಹಿರಂಗವಾಗಿ ತಿಳಿಸಿ, ನಿಜವಾಗಿಯೂ ಸೊನ್ನೆಯೇನಾ ಅಂತ ಖಾತ್ರಿ ಮಾಡಿಕೊಳ್ಳಿ ಅನ್ನುತ್ತದೆ. ಎಂಥಾ ಉಪಾಯ ಅಲ್ವಾ! ಸುಳ್ಳು ಸೊನ್ನೆಯನ್ನು ಪೋಷಕರ ಮುಂದೆ ಓದಿ ಹೇಳುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ?

ನೀವು ಮಾಡಬೇಕಾದ್ದು ಇಷ್ಟು. ದೂರಿನ ಸಂಖ್ಯೆಯನ್ನು ಶಾಲೆಯ ರ‍್ಯಾಂಕಿಂಗ್‌ಗೂ ಮುಖ್ಯ ಶಿಕ್ಷಕರ ಬಡ್ತಿಗೂ ತಳುಕು ಹಾಕಬೇಡಿ, ಇದನ್ನು ಲಿಖಿತ ಆದೇಶದಲ್ಲೇ ಹೇಳಿ. ಅಂಕ ಕೊಡಲೇಬೇಕಾದರೆ ದೂರು ಬಂದ ಮೇಲೆ ಎಷ್ಟು ಬೇಗ ಎದ್ದರು, ಕೊನೆಯವರೆಗೆ ಹಿಂಬಾಲಿಸಿದರಾ ಅನ್ನುವುದಕ್ಕೆ ಕೊಡಿ. ಆಮೇಲೆ ಪ್ರತಿ ಶಾಲೆಯ ಎರಡು ಅಂಕಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ಸಮೀಕ್ಷೆಯಲ್ಲಿ ಮಕ್ಕಳು ಹೇಳಿದ್ದು ಒಂದು, ದೂರು ಪುಸ್ತಕದಲ್ಲಿ ಇರುವುದು ಇನ್ನೊಂದು. ಮೊದಲನೆಯದು ಜಾಸ್ತಿ, ಎರಡನೆಯದು ಸೊನ್ನೆ ಇರುವ ಶಾಲೆಗಳ ಪಟ್ಟಿ ಮಾಡಿ. ನಿಮ್ಮ ಜೀಪು ಮೊದಲು ಹೋಗಬೇಕಾದ್ದು ಅಲ್ಲಿಗೆ. ಸಭೆಯಲ್ಲಿ ಹನ್ನೆರಡು ಬರೆದ ಮುಖ್ಯ ಶಿಕ್ಷಕಿಯನ್ನು ಎಬ್ಬಿಸುವುದಾದರೆ, ಅವರು ಅದನ್ನು ಹೇಗೆ ಕಂಡುಹಿಡಿದರು ಅಂತ ಉಳಿದವರಿಗೆ ಹೇಳಿಸಲು ಎಬ್ಬಿಸಿ.

ಹೆಜ್ಜೆ 4: ಶಾಲೆಯ ನಕ್ಷೆ, ಕೆಂಪು ಪೆನ್ಸಿಲ್

ದುಡ್ಡೇ ಬೇಡದ, ಆದರೆ ಫಲ ಕೊಡುವ ಕೆಲಸ ಇದು. ಶಾಲೆಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಬಿಡಿಸಿ. ಕೋಣೆಗಳು, ಮೆಟ್ಟಿಲು, ಶೌಚಾಲಯ, ಆಟದ ಮೈದಾನ, ಗೇಟು, ಬಸ್ ನಿಲ್ಲುವ ಜಾಗ. ಪ್ರತಿ ಮಗುವಿಗೂ ಒಂದು ಪ್ರತಿ ಕೊಟ್ಟು, ನಿನಗೆ ಹೆದರಿಕೆಯಾಗುವ ಜಾಗಕ್ಕೆ ಕೆಂಪು ಬಳಿ, ಯಾವ ಹೊತ್ತಿನಲ್ಲಿ ಅಂತ ಪಕ್ಕದಲ್ಲಿ ಬರೆ ಅನ್ನಿ. ಹೆಸರು ಬೇಡ. ಎಲ್ಲವನ್ನೂ ಒಂದರ ಪಕ್ಕ ಒಂದು ಹರಡಿ ನೋಡಿದರೆ, ಅದೇ ಎರಡು ಮೂರು ಜಾಗ, ಅದೇ ಹದಿನೈದು ನಿಮಿಷ ಮತ್ತೆ ಮತ್ತೆ ಕೆಂಪಾಗಿರುತ್ತದೆ. ಶೌಚಾಲಯದ ಮುಂದಿನ ಓಣಿ, ಮೆಟ್ಟಿಲ ತಿರುವು, ಶಾಲೆ ಬಿಟ್ಟ ಮೇಲೆ ಗೇಟಿನ ಹೊರಗೆ. ಅಲ್ಲಿ ಆ ಹೊತ್ತಿಗೆ ಒಬ್ಬ ದೊಡ್ಡವರು ನಿಲ್ಲುವ ವ್ಯವಸ್ಥೆ ಮಾಡಿ. ಕೈಯಲ್ಲಿ ಫೋನ್ ಹಿಡಿದು ಮೂಲೆಯಲ್ಲಿ ನಿಂತರೆ ಪ್ರಯೋಜನವಿಲ್ಲ. ಓಡಾಡಬೇಕು, ಮಕ್ಕಳನ್ನು ಮಾತಾಡಿಸಬೇಕು.

ಇದು ನನ್ನ ಊಹೆಯಲ್ಲ. ಕೇಂಬ್ರಿಡ್ಜ್‌ನ ಸಂಶೋಧಕರಾದ ಮರಿಯಾ ಟೋಫಿ, ಡೇವಿಡ್ ಫ್ಯಾರಿಂಗ್ಟನ್ 2011ರಲ್ಲಿ ಬೇರೆ ಬೇರೆ ದೇಶದ ಕಾರ್ಯಕ್ರಮಗಳನ್ನು ಒಟ್ಟಿಗಿಟ್ಟು ನೋಡಿದಾಗ, ಫಲ ಕೊಟ್ಟ ಕಾರ್ಯಕ್ರಮಗಳಲ್ಲಿ ಮತ್ತೆ ಮತ್ತೆ ಕಂಡದ್ದು ಆಟದ ಮೈದಾನದ ಮೇಲ್ವಿಚಾರಣೆ, ಪೋಷಕರ ಸಭೆ, ಮತ್ತು ಎಷ್ಟು ಕಾಲ, ಎಷ್ಟು ಗಟ್ಟಿಯಾಗಿ ನಡೆಸಿದರು ಅನ್ನುವುದು. ಕೇಳಲು ಎಷ್ಟು ಸಪ್ಪೆ ಅನಿಸುತ್ತದೆ ನೋಡಿ. ಉದ್ಘಾಟನೆ ಮಾಡಲು, ಫೋಟೋ ತೆಗೆಸಿಕೊಳ್ಳಲು ಏನೂ ಇಲ್ಲ. ಅದಕ್ಕೇ ಬಜೆಟ್ಟೆಲ್ಲಾ ಸಿಸಿ ಕ್ಯಾಮೆರಾಗೆ ಹೋಗುವುದು. ಕ್ಯಾಮೆರಾ ಬೇಡ ಅಂತಲ್ಲ, ಆದ ಮೇಲೆ ಏನಾಯಿತು ಅಂತ ತಿಳಿಯಲು ಅದು ಬೇಕಾಗಬಹುದು. ಆದರೆ ಕ್ಯಾಮೆರಾ ಓಡಿ ಬಂದು ಮಗುವನ್ನು ಬಿಡಿಸುವುದಿಲ್ಲ. ಮಕ್ಕಳು ಹೆಚ್ಚು ಹೆದರುವ ಶೌಚಾಲಯದೊಳಗೆ ಅದನ್ನು ಇಡುವಂತೆಯೂ ಇಲ್ಲ.

ಕಟ್ಟಡದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೊರಕ್ಕೆ ತೆರೆಯುವ ಬಾಗಿಲು, ಎರಡು ದಾರಿ, ಒಳಗಿನಿಂದ ಚಿಲಕ ಹಾಕಲು ಬರುವ ಶೌಚಾಲಯ, ಬೆಂಕಿ ಮತ್ತು ಭೂಕಂಪದ ಅಣಕು ಅಭ್ಯಾಸ, ಇವೆಲ್ಲಾ ಬೇರೆ ಇಲಾಖೆಯವರ ನಿಯಮಗಳಲ್ಲಿ ಈಗಾಗಲೇ ಇರುತ್ತವೆ. ನೀವು ಹೊಸದಾಗಿ ಬರೆಯಬೇಡಿ, ಇರುವುದು ನಡೆಯುತ್ತಿದೆಯಾ ಅಂತ ನೋಡಿ.

ಹೆಜ್ಜೆ 5: ದೂರು ಬಂದ ಮೇಲೆ ಏನು, ಯಾರು, ಯಾವಾಗ

ನಾರ್ವೆ 2017ರಲ್ಲಿ ತನ್ನ ಶಿಕ್ಷಣ ಕಾನೂನು ತಿದ್ದಿ, ಶಾಲೆಯಲ್ಲಿ ಕೆಲಸ ಮಾಡುವ ಎಲ್ಲರ ಮೇಲೂ ಕೆಲವು ಹೊಣೆ ಹೊರಿಸಿತು. ಗಮನಿಸಬೇಕು, ಕಂಡರೆ ತಡೆಯಬೇಕು, ಮುಖ್ಯಸ್ಥರಿಗೆ ತಿಳಿಸಬೇಕು. ಆಮೇಲೆ ಶಾಲೆ ವಿಚಾರಿಸಬೇಕು, ಕ್ರಮ ತೆಗೆದುಕೊಳ್ಳಬೇಕು, ಲಿಖಿತ ಯೋಜನೆ ಮಾಡಬೇಕು. ಆ ಯೋಜನೆಯಲ್ಲಿ ಇರಬೇಕಾದ್ದು ಐದೇ ವಿಷಯ: ಸಮಸ್ಯೆ ಏನು, ಏನು ಮಾಡುತ್ತೇವೆ, ಯಾವಾಗ ಮಾಡುತ್ತೇವೆ, ಯಾರ ಹೊಣೆ, ಸರಿಹೋಯಿತಾ ಅಂತ ಮತ್ತೆ ಯಾವಾಗ ನೋಡುತ್ತೇವೆ. ಮುಖ್ಯಸ್ಥರಿಗೆ ಹೇಳಿ ಒಂದು ವಾರವಾದರೂ ಸರಿಹೋಗದಿದ್ದರೆ ಮಗುವೋ ಪೋಷಕರೋ ಶಾಲೆಯನ್ನು ದಾಟಿ ಮೇಲಿನ ಸರ್ಕಾರಿ ಕಚೇರಿಗೆ ಹೋಗಬಹುದು. ಈ ಕೊನೆಯ ಬಾಗಿಲು ಇಲ್ಲದಿದ್ದರೆ ಮೊದಲಿನದೆಲ್ಲಾ ಬರೀ ಕಾಗದ.

ನಿಮ್ಮಲ್ಲೂ ಒಂದು ಪುಟದ ನಮೂನೆ ಮಾಡಿ, ಅದಕ್ಕಿಂತ ಉದ್ದ ಬೇಡ. ಆದರೆ ತುಂಬುವುದನ್ನು ಕಲಿಸಬೇಕು, ಯಾಕೆಂದರೆ ಶಾಲೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಟಿಪ್ಪಣಿ ಹೀಗಿರುತ್ತದೆ: "ಇಬ್ಬರು ವಿದ್ಯಾರ್ಥಿಗಳ ನಡುವೆ ಸಣ್ಣ ಗಲಾಟೆ. ಬುದ್ಧಿವಾದ ಹೇಳಿ ಕಳುಹಿಸಲಾಯಿತು." ಇದರಿಂದ ಏನೂ ತಿಳಿಯುವುದಿಲ್ಲ. ಇರಬೇಕಾದ್ದು ಹೀಗೆ: "ಸೋಮವಾರ, ಊಟದ ಬಿಡುವಿನಲ್ಲಿ, ಮೊದಲ ಮಹಡಿಯ ಮೆಟ್ಟಿಲ ಹತ್ತಿರ. ಎಂಟನೇ ತರಗತಿಯ ಮೂವರು ಸೇರಿ ಆರನೇ ತರಗತಿಯ ಹುಡುಗನ ಬ್ಯಾಗು ಕಿತ್ತು ಕೆಳಕ್ಕೆ ಎಸೆದರು. ಈ ತಿಂಗಳಲ್ಲಿ ಮೂರನೇ ಸಲ ಎಂದು ಹುಡುಗ ಹೇಳಿದ. ಐದಾರು ಮಕ್ಕಳು ನೋಡುತ್ತಿದ್ದರು. ಸಂಜೆಯೇ ಎರಡೂ ಕಡೆಯ ಪೋಷಕರಿಗೆ ಫೋನ್ ಮಾಡಲಾಯಿತು. ಇಂದಿನಿಂದ ಬಿಡುವಿನಲ್ಲಿ ಮೆಟ್ಟಿಲ ಬಳಿ ದೈಹಿಕ ಶಿಕ್ಷಕರು ಇರುತ್ತಾರೆ. ಶುಕ್ರವಾರ ಹುಡುಗನನ್ನು ಒಬ್ಬನೇ ಕರೆದು ವಿಚಾರಿಸುವುದು." ಎರಡನೆಯದನ್ನು ಓದಿದರೆ ಯಾರು ಬೇಕಾದರೂ ಮುಂದಿನ ಕೆಲಸ ಕೈಗೆತ್ತಿಕೊಳ್ಳಬಹುದು. ಮಕ್ಕಳ ಹೆಸರು ಬೇರೆ ಹಾಳೆಯಲ್ಲಿ, ಬೀಗದೊಳಗೆ ಇರಲಿ.

ವಿಚಾರಣೆ ಮಾಡುವಾಗ ಒಂದು ಮಾತು. ಇಬ್ಬರನ್ನೂ ಎದುರುಬದುರು ಕೂರಿಸಿ "ಏನಾಯ್ತು ಹೇಳಿ, ಕೈ ಕುಲುಕಿ, ಇನ್ಮೇಲೆ ಫ್ರೆಂಡ್ಸ್ ಆಗಿರಿ" ಅನ್ನುವ ಪದ್ಧತಿ ಎಲ್ಲಾ ಕಡೆ ಇದೆ. ಸಮಬಲದ ಜಗಳಕ್ಕೆ ಇದು ಸರಿ. ಆದರೆ ಒಬ್ಬರು ಮೂರು ತಿಂಗಳಿಂದ ಇನ್ನೊಬ್ಬರನ್ನು ಗೋಳು ಹೊಯ್ದುಕೊಳ್ಳುತ್ತಿದ್ದರೆ, ಆ ಕೋಣೆಯಲ್ಲಿ ಕಾಟಕ್ಕೆ ಸಿಕ್ಕ ಮಗು ಬಾಯಿ ಬಿಡುವುದಿಲ್ಲ. ಹೊರಗೆ ಹೋದ ಮೇಲೆ ಅದಕ್ಕೆ ಬೇರೆ ಶಿಕ್ಷೆ ಕಾದಿರುತ್ತದೆ. ಬೇರೆ ಬೇರೆಯಾಗಿ ಮಾತಾಡಿಸಿ, ಮೊದಲು ನೊಂದ ಮಗುವನ್ನು. ಏನು ಮಾಡಿದರೆ ನಿನಗೆ ಸಮಾಧಾನ ಅಂತ ಅದನ್ನೇ ಕೇಳಿ. ನೊಂದ ಮಗುವಿನ ತರಗತಿ ಬದಲಾಯಿಸಿ ಕೈ ತೊಳೆದುಕೊಳ್ಳಬೇಡಿ, ಅದು ಆ ಮಗುವಿಗೇ ಶಿಕ್ಷೆ.

ಕಾಟ ಕೊಡುವವರು ಶಿಕ್ಷಕರೇ ಆಗಿದ್ದರೆ? ಅಂಥ ದೂರು ಅದೇ ಶಾಲೆಯ ಸಮಿತಿಗೆ ಹೋಗಲೇಬಾರದು. ನೇರವಾಗಿ ಹೊರಗಿನವರಿಗೆ ಹೋಗುವ ದಾರಿ ಮೊದಲ ದಿನವೇ ಇರಬೇಕು. ಮುಟ್ಟಬಾರದ ರೀತಿ ಮುಟ್ಟಿದ್ದು, ಗಾಯವಾಗಿದ್ದು, ಜೀವ ಬೆದರಿಕೆ ಹಾಕಿದ್ದು, ಇವು ಶಾಲೆಯೊಳಗೆ ತೀರ್ಮಾನ ಮಾಡುವ ವಿಷಯಗಳೇ ಅಲ್ಲ. ಅದೇ ದಿನ ಪೊಲೀಸರಿಗೆ, ಮಕ್ಕಳ ರಕ್ಷಣೆಯ ಕಚೇರಿಗೆ ತಿಳಿಸಬೇಕು. ಶಾಲೆಯ ಹೆಸರು ಕೆಡುತ್ತದೆ ಅಂತ ರಾಜಿ ಮಾಡಿಸುವ ಆಡಳಿತ ಮಂಡಳಿಗಳಿಗೆ ಏನು ಕ್ರಮ ಅನ್ನುವುದನ್ನೂ ಆದೇಶದಲ್ಲೇ ಬರೆಯಿರಿ.

ಹೆಜ್ಜೆ 6: ಸುತ್ತ ನಿಂತು ನೋಡುವ ಮಕ್ಕಳು

ಕೆನಡಾದ ಟೊರಾಂಟೊದಲ್ಲಿ ಸಂಶೋಧಕರು ಆಟದ ಮೈದಾನದಲ್ಲಿ ಮಕ್ಕಳಿಗೆ ಮೈಕ್ ಸಿಕ್ಕಿಸಿ, ದೂರದಿಂದ ವಿಡಿಯೋ ಮಾಡಿ ನೋಡಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ನೂರು ಸಲ ಕಾಟ ನಡೆದರೆ 88 ಸಲ ಬೇರೆ ಮಕ್ಕಳು ಅಲ್ಲೇ ಇದ್ದರು. ಯಾರಾದರೂ ಮಧ್ಯೆ ಬಂದದ್ದು 19 ಸಲ ಮಾತ್ರ. ಆದರೆ ಹಾಗೆ ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನಲ್ಲಿ ಕಾಟ ನಿಂತಿತು.

ಫಿನ್ಲೆಂಡ್ ತನ್ನ ಕಾರ್ಯಕ್ರಮ ಕಟ್ಟಿದ್ದು ಈ ನೋಡುವ ಮಕ್ಕಳ ಮೇಲೆಯೇ. ಅಲ್ಲಿನ ಶಿಕ್ಷಣ ಸಚಿವಾಲಯ 2006ರಲ್ಲಿ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟೀನಾ ಸಾಲ್ಮಿವಾಲ್ಲಿ ತಂಡಕ್ಕೆ ಹಣ ಕೊಟ್ಟಿತು. ಅವರು ರೂಪಿಸಿದ ಕಿವಾ ಕಾರ್ಯಕ್ರಮವನ್ನು ಕೂಡಲೇ ಎಲ್ಲಾ ಕಡೆ ಜಾರಿ ಮಾಡಲಿಲ್ಲ. ಮೊದಲು 117 ಶಾಲೆಗಳಲ್ಲಿ ನಡೆಸಿ, ಕಾರ್ಯಕ್ರಮ ಇಲ್ಲದ ಇನ್ನೊಂದು 117 ಶಾಲೆಗಳ ಜೊತೆ ಹೋಲಿಸಿ, ಫಲ ಇದೆ ಅಂತ ಕಂಡ ಮೇಲೆ 2009ರಿಂದ ದೇಶಕ್ಕೆಲ್ಲಾ ಹರಡಿದರು. ಎಲ್ಲಾ ಮಕ್ಕಳಿಗೂ ತರಗತಿಯಲ್ಲಿ ಪಾಠ, ಜೊತೆಗೆ ಪ್ರತಿ ಶಾಲೆಯಲ್ಲೂ ಪ್ರಕರಣ ಬಂದಾಗ ಕೈ ಹಾಕುವ ದೊಡ್ಡವರ ಚಿಕ್ಕ ತಂಡ. ಎರಡೂ ಇದ್ದವು.

ನಿಮ್ಮ ಶಾಲೆಗಳಲ್ಲಿ ಮಕ್ಕಳಿಗೆ "ಧೈರ್ಯವಾಗಿ ಎದುರಿಸಿ" ಅಂತ ಹೇಳುವುದರಿಂದ ಶುರು ಮಾಡಬೇಡಿ. ಚಿಕ್ಕ ಚಿಕ್ಕ ಕೆಲಸ ಕಲಿಸಿ. ನಗಬೇಡ. ವಿಡಿಯೋ ಮಾಡಬೇಡ, ಬಂದ ವಿಡಿಯೋ ಮುಂದಕ್ಕೆ ಕಳಿಸಬೇಡ. "ಬಾ, ಮೇಷ್ಟ್ರು ಕರೀತಿದ್ದಾರೆ" ಅಂತ ಆ ಮಗುವನ್ನು ಅಲ್ಲಿಂದ ಕರೆದುಕೊಂಡು ಬಾ. ಅದೂ ಆಗದಿದ್ದರೆ ಆಮೇಲೆ ಪಕ್ಕ ಕೂತು ಮಾತಾಡಿಸು. ಆದರೆ ಮಕ್ಕಳನ್ನೇ ಪೊಲೀಸರಂತೆ ನಿಲ್ಲಿಸುವುದು, ಮಕ್ಕಳಿಂದಲೇ ನ್ಯಾಯ ಪಂಚಾಯಿತಿ ಮಾಡಿಸುವುದು ಬೇಡ. ಮೇಲೆ ಹೇಳಿದ ಟೋಫಿ, ಫ್ಯಾರಿಂಗ್ಟನ್ ಅವರ 2011ರ ಅಧ್ಯಯನದಲ್ಲಿ ಕಾಟ ತಡೆಯುವ ಕೆಲಸವನ್ನು ಮಕ್ಕಳ ಕೈಗೇ ಕೊಟ್ಟ ಕಾರ್ಯಕ್ರಮಗಳಲ್ಲಿ ಕಾಟಕ್ಕೆ ಸಿಕ್ಕುವ ಮಕ್ಕಳು ಹೆಚ್ಚಾದದ್ದೂ ಕಂಡಿತ್ತು.

ಹೆಜ್ಜೆ 7: ಶಿಕ್ಷೆಯ ಹಟ ಬಿಡಿ, ಸುಳಿವಿಗೆ ಕಿವಿ ಕೊಡಿ

ದೊಡ್ಡ ಘಟನೆಯಾದ ಮೇಲೆ "ಒಂದೇ ತಪ್ಪಿಗೆ ಶಾಲೆಯಿಂದ ಹೊರಗೆ" ಅನ್ನುವ ಕೂಗು ಏಳುತ್ತದೆ. ಅಮೆರಿಕದಲ್ಲಿ ಇದನ್ನು ವರ್ಷಗಟ್ಟಲೆ ಮಾಡಿ ನೋಡಿದ್ದಾರೆ. ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘ ನೇಮಿಸಿದ ಕಾರ್ಯಪಡೆ, ಇದರಿಂದ ಶಾಲೆ ಹೆಚ್ಚು ಸುರಕ್ಷಿತವಾಯಿತು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ ಅಂತ ಹೇಳಿತು. ಹೊರಗೆ ಹಾಕಿದ ಹುಡುಗ ಗೇಟಿನ ಹೊರಗೆ ನಿಂತಿರುತ್ತಾನೆ, ಅಷ್ಟೇ. ಇನ್ನೊಂದು ತೊಂದರೆಯೂ ಇದೆ. ಶಿಕ್ಷೆ ಅಷ್ಟು ದೊಡ್ಡದು ಅಂತ ಗೊತ್ತಾದರೆ ಮಕ್ಕಳೂ ಹೇಳುವುದಿಲ್ಲ, ಶಿಕ್ಷಕರೂ ಬರೆಯುವುದಿಲ್ಲ. ಮತ್ತೆ ಸೊನ್ನೆ.

ಕ್ರಮ ಬೇಡ ಅಂತ ಖಂಡಿತ ಹೇಳುತ್ತಿಲ್ಲ. ಚಿಕ್ಕದು, ಖಚಿತವಾದದ್ದು, ತಡಮಾಡದೆ ಆಗುವಂಥದ್ದು ಇರಲಿ. ಜೊತೆಗೆ ಕಾಟ ಕೊಡುವ ಮಗುವಿನ ಮನೆಯಲ್ಲಿ ಏನು ನಡೆಯುತ್ತಿದೆ, ಅದೇ ಬೇರೆ ಕಡೆ ಏಟು ತಿನ್ನುತ್ತಿದೆಯಾ ಅಂತ ನೋಡುವ ಒಬ್ಬರು ಇರಲಿ.

ಗಂಭೀರ ಹಿಂಸೆಯ ವಿಷಯಕ್ಕೆ ಬಂದರೆ, ಅಮೆರಿಕದ ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ ಸೇರಿ 2002ರಲ್ಲಿ 37 ಶಾಲಾ ದಾಳಿಗಳನ್ನು ಪರಿಶೀಲಿಸಿ ವರದಿ ಕೊಟ್ಟವು. ನೂರಕ್ಕೆ 81 ಪ್ರಕರಣಗಳಲ್ಲಿ ಇನ್ನೊಬ್ಬರಿಗಾದರೂ ಮೊದಲೇ ಸುಳಿವಿತ್ತು, ಬಹಳ ಸಲ ಅದು ಗೆಳೆಯರಿಗೋ ಸಹಪಾಠಿಗೋ. ದಾಳಿ ಮಾಡಿದವರಲ್ಲಿ ನೂರಕ್ಕೆ 71 ಮಂದಿ ಹಿಂದೆ ತಾವೇ ಕಾಟಕ್ಕೋ ಹಲ್ಲೆಗೋ ಸಿಕ್ಕವರು. ಅಂದರೆ ಗೇಟಿನಲ್ಲಿ ಲೋಹಶೋಧಕ ಇಡುವ ಮೊದಲು, ಮಗು ಹೆದರದೆ "ಅವನು ಹೀಗೆ ಹೇಳ್ತಿದ್ದ" ಅಂತ ಬಂದು ಹೇಳುವ ಒಂದು ನಂಬರ್ ಬೇಕು. ಅಲ್ಲಿನ ಕೊಲರಾಡೊ ರಾಜ್ಯ, ಕೊಲಂಬೈನ್ ಶಾಲೆಯಲ್ಲಿ 1999ರಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿದ ದುರಂತದ ನಂತರ ಇಂಥ ಹೆಸರಿಲ್ಲದ ಸಹಾಯವಾಣಿಯನ್ನು ಕಟ್ಟಿತು. ರಾತ್ರಿಯೂ ಫೋನ್ ಎತ್ತುವವರಿರಬೇಕು, ಎತ್ತಿದವರಿಗೆ ಮುಂದೆ ಯಾರಿಗೆ ಹೇಳಬೇಕು ಅಂತ ಗೊತ್ತಿರಬೇಕು. ಕಚೇರಿ ವೇಳೆಯಲ್ಲಿ ಮಾತ್ರ ನಡೆಯುವ ಸಹಾಯವಾಣಿ ಸುಮ್ನೆ ಗೋಡೆಯ ಪೋಸ್ಟರಿಗೆ ಚೆಂದ.

ಆನ್‌ಲೈನ್ ಕಾಟಕ್ಕೆ ಬೇರೆಯೇ ಸಮಿತಿ ಮಾಡಬೇಡಿ. ಹಗಲು ಮೆಟ್ಟಿಲ ಹತ್ತಿರ ಕಾಡುವವರೇ ರಾತ್ರಿ ಗ್ರೂಪಿನಲ್ಲಿ ಕಾಡುವುದು ಹೆಚ್ಚು. ಅದೇ ನಮೂನೆ, ಅದೇ ತಂಡ ಸಾಕು. ಸ್ಕ್ರೀನ್‌ಶಾಟ್ ತೆಗೆದಿಡಿ, ಅಳಿಸಬೇಡಿ ಅಂತ ಮಕ್ಕಳಿಗೆ ಹೇಳಿಕೊಡಿ. ಆದರೆ ಬಟ್ಟೆಯಿಲ್ಲದ ಚಿತ್ರವಾಗಿದ್ದರೆ ಶಾಲೆಯವರು ಅದನ್ನು ತಮ್ಮ ಫೋನಿಗೆ ತರಿಸಿಕೊಳ್ಳಬಾರದು, ನೇರ ಪೊಲೀಸರಿಗೆ.

ಹೆಜ್ಜೆ 8: ಒಂದು ವರ್ಷದ ಯೋಜನೆ ಬೇಡ

ಹಾನಾ ಗ್ಯಾಫ್ನಿ, ಟೋಫಿ, ಫ್ಯಾರಿಂಗ್ಟನ್ 2019ರಲ್ಲಿ ನೂರು ಮೌಲ್ಯಮಾಪನಗಳನ್ನು ಸೇರಿಸಿ ಲೆಕ್ಕ ಹಾಕಿದಾಗ, ಕಾಟ ಕೊಡುವುದು ಸರಾಸರಿ ನೂರಕ್ಕೆ 19ರಿಂದ 20ರಷ್ಟು, ಕಾಟಕ್ಕೆ ಸಿಕ್ಕುವುದು 15ರಿಂದ 16ರಷ್ಟು ಇಳಿದಿತ್ತು. ಈ ಅಂಕಿಯನ್ನು ಮಂತ್ರಿಗಳಿಗೆ ಮೊದಲೇ ತೋರಿಸಿ. ಸಂಪೂರ್ಣ ನಿರ್ಮೂಲನೆ ಅಂತ ಭಾಷಣ ಮಾಡಿಬಿಟ್ಟರೆ, ಮುಂದೆ ಬರುವ ಒಳ್ಳೆಯ ಫಲಿತಾಂಶವೂ ಸೋಲಿನ ಹಾಗೆ ಕಾಣುತ್ತದೆ. ಮೊದಲ ವರ್ಷ ದೂರುಗಳು ಏರುತ್ತವೆ ಅನ್ನುವುದನ್ನೂ ಈಗಲೇ ಬರೆದು ಕೊಡಿ. ಏರಿದ ಮೇಲೆ ಹೇಳಿದರೆ ನೆಪ ಅನ್ನುತ್ತಾರೆ.

ಹಣವನ್ನು ಜನರ ಮೇಲೆ ಹಾಕಿ: ಆಪ್ತ ಸಮಾಲೋಚಕರು, ಬಿಡುವಿನ ಹೊತ್ತಿನ ಮೇಲ್ವಿಚಾರಕರು, ಶಿಕ್ಷಕರ ತರಬೇತಿ. ತರಬೇತಿ ಅಂದರೆ ಸಭಾಂಗಣದಲ್ಲಿ ಕೂರಿಸಿ ಸ್ಲೈಡ್ ತೋರಿಸುವುದಲ್ಲ, ಮೇಲೆ ಬರೆದ ಹಾಗೆ ಟಿಪ್ಪಣಿ ಬರೆಸಿ ನೋಡುವುದು, ಅಳುವ ಮಗುವಿಗೆ ಮೊದಲ ಮಾತು ಏನು ಹೇಳುತ್ತೀರಿ ಅಂತ ಒಬ್ಬೊಬ್ಬರ ಬಾಯಲ್ಲೂ ಹೇಳಿಸುವುದು.

ಪ್ರತಿ ವರ್ಷದ ಫಲಿತಾಂಶವನ್ನು ಜನರ ಮುಂದಿಡಿ. ದಿನಾಂಕ ಬೇಕಿದ್ದರೆ ನವೆಂಬರ್ ತಿಂಗಳ ಮೊದಲ ಗುರುವಾರ ಇದೆ, ಯುನೆಸ್ಕೋ 2020ರಿಂದ ಅದನ್ನು ಶಾಲಾ ಹಿಂಸೆ ಮತ್ತು ಬುಲ್ಲಿಯಿಂಗ್ ವಿರುದ್ಧದ ಅಂತರರಾಷ್ಟ್ರೀಯ ದಿನವಾಗಿ ಆಚರಿಸುತ್ತಿದೆ. ಜಾಥಾ ಮಾಡಿಸುವ ಬದಲು ಆ ದಿನ ಅಂಕಿ ಬಿಡುಗಡೆ ಮಾಡಿ. ಇಡೀ ಪ್ರದೇಶದ ಸರಾಸರಿ ಸಾಕು, ಶಾಲೆಗಳ ಹೆಸರು ಪಟ್ಟಿ ಬೇಡ. ಪ್ರತಿ ಶಾಲೆಯ ಅಂಕಿ ಆ ಶಾಲೆಯ ಪೋಷಕರ ಸಭೆಯಲ್ಲಿ ಓದಿದರಾಯಿತು.

ಇನ್ನು, ನಿಮಗೆ ವರ್ಗಾವಣೆ ಆಗೇ ಆಗುತ್ತದೆ. ನಿಮ್ಮ ಜಾಗಕ್ಕೆ ಬರುವವರಿಗೆ ಇದರಲ್ಲಿ ಆಸಕ್ತಿ ಇರಬೇಕೆಂದೇನಿಲ್ಲ. ಹಾಗಾಗಿ ಸಮೀಕ್ಷೆಯನ್ನು ನಿಮ್ಮ ಹುಮ್ಮಸ್ಸಿಗೆ ಬಿಡದೆ ನಿಯಮದೊಳಗೆ ಸೇರಿಸಿ, ಬಜೆಟ್ಟಿನಲ್ಲಿ ಅದಕ್ಕೆ ಬೇರೆ ಸಾಲು ಹಾಕಿಸಿ. ಮುಂದಿನ ಸಮೀಕ್ಷೆಯ ದಿನಾಂಕ, ಇನ್ನೂ ಮುಗಿಯದ ಪ್ರಕರಣಗಳು, ಅನುಮಾನದ ಸೊನ್ನೆ ಇರುವ ಶಾಲೆಗಳು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಕಡತದ ಮೊದಲ ಪುಟವಾಗಿ ಇಡಿ. ಬರುವವರು ಬೇರೇನೂ ಓದದಿದ್ದರೂ ಅದೊಂದನ್ನು ಓದಿಯೇ ಸಹಿ ಹಾಕಬೇಕು.